ದುರುಗವ್ವ ದೋಣಿ ಎಳೆಯಲು ತಂದ ಗಾಡಿ

ಕಂಪ್ಲಿಯ ಕೋಟೆ ದಡದಲ್ಲಿ ಹರಿಗೋಲು ಹಾಕುವವರಲ್ಲಿ ಒಂದು ರೂಢಿ ಇದೆ. ಸಂಜೆ ಕೆಲಸ ಮುಗಿದ ಮೇಲೆ ಹರಿಗೋಲನ್ನು ದಡದ ಮೇಲೆ ಬೋರಲು ಹಾಕಿ ಅಲ್ಲೇ ಬಿಟ್ಟು ಬರುತ್ತಾರೆ. ಹುಟ್ಟನ್ನು ಮಾತ್ರ ಹೆಗಲ ಮೇಲಿಟ್ಟುಕೊಂಡು ಮನೆಗೆ ತರುತ್ತಾರೆ. ಹುಟ್ಟು ಯಾರ ಮನೆಯಲ್ಲಿದೆಯೋ ಹರಿಗೋಲು ಅವರದು. ಆ ಹುಟ್ಟನ್ನು ಕೇಳಿ ಪಡೆಯದೆ ಇನ್ನೊಬ್ಬರ ಹರಿಗೋಲನ್ನು ಯಾರೂ ನೀರಿಗೆ ನೂಕುವುದಿಲ್ಲ. ಬೇರೆ ಹುಟ್ಟು ತಂದು ನೂಕಬಹುದಲ್ಲ ಎಂದು ನಾನೊಮ್ಮೆ ಕೇಳಿದ್ದೆ. ನನ್ನ ಸೋದರತ್ತೆ ದುರುಗವ್ವ ನನ್ನ ಮುಖವನ್ನೇ ನೋಡಿದಳು.

"ಹಂಗ ಯಾರು ಮಾಡ್ತಾರ?" ಅಂದಳು. ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಿರಲಿಲ್ಲ.

ಅತ್ತೆಗೆ ಐವತ್ತು ದಾಟಿದೆ. ಸಣ್ಣ ಆಳು, ದೊಡ್ಡ ದನಿ. ಈ ದಡದಿಂದ ಆ ದಡಕ್ಕೆ ಕೂಗಿ ಮಾತಾಡಿ ಅಭ್ಯಾಸವಾಗಿ, ಗುಟ್ಟಿನ ಮಾತನ್ನೂ ಮೆಲ್ಲಗೆ ಆಡಲು ಅವಳಿಗೆ ಬರುವುದಿಲ್ಲ. ತಾಯಿ ತೀರಿಕೊಂಡಾಗ ಅವಳ ತಮ್ಮ ಗಾದಿಲಿಂಗ ಇನ್ನೂ ಅಂಬೆಗಾಲಿಡುತ್ತಿದ್ದನಂತೆ. ಅವನನ್ನು ಹರಿಗೋಲಿನ ತಳದಲ್ಲಿ ಮಲಗಿಸಿಕೊಂಡೇ ಅವಳು ಜನರನ್ನು ದಾಟಿಸಿದ್ದಳು. ಮದುವೆಯಾದ ಮೇಲೂ ಅವನನ್ನು ಬಿಡಲಿಲ್ಲ. ಗಂಡ ಪಾಲಪ್ಪನಿಗೆ ಮೊದಲೇ ಹೇಳಿ, ಒಂದೇ ಅಂಗಳದಲ್ಲಿ ಎರಡು ಮನೆ ಕಟ್ಟಿಸಿದಳು. ಆ ಗಾದಿಲಿಂಗ ನನ್ನ ಅಪ್ಪ. ಈ ಮಾತನ್ನು ಮೊದಲೇ ಹೇಳಿಬಿಡುವುದು ಸರಿ ಅನ್ನಿಸುತ್ತದೆ. ನಾನು ಕಂಡದ್ದನ್ನು ಕಂಡದ್ದು ಎಂದು, ಕೇಳಿದ್ದನ್ನು ಕೇಳಿದ್ದು ಎಂದು ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ ಅತ್ತೆ ಹರಿಗೋಲು ಬಿಟ್ಟು ಎಂಜಿನ್ ಇರುವ ಫೈಬರ್ ದೋಣಿ ತೆಗೆದುಕೊಂಡಳು. ಹರಿಗೋಲಾದರೆ ಬೋರಲು ಮಾಡಿ ತಲೆಯ ಮೇಲೆ ಹೊತ್ತು ನಡೆಯಬಹುದು. ಫೈಬರ್ ದೋಣಿಗೆ ಗಾಲಿಯ ಟ್ರಾಲಿ ಬೇಕು, ಅದನ್ನು ಎಳೆಯಲು ಇನ್ನೊಂದು ಗಾಡಿ ಬೇಕು. ಮಳೆಗಾಲ ಮುಗಿದು ಹೊಳೆ ತಣ್ಣಗಾದ ಮೇಲೆ ಹಂಪಿ ದಡದಲ್ಲಿ ಜನರನ್ನು ದಾಟಿಸುವ ಕೆಲಸ. ಬೇಸಿಗೆಯಲ್ಲಿ ಅಲ್ಲಿ ಬಂಡೆಗಳು ಮೇಲೆದ್ದು ನೀರು ಸಣ್ಣದಾಗುತ್ತದೆ. ಆಗ ದೋಣಿಯವರೆಲ್ಲ ಹೊಸಪೇಟೆ ಆಚೆ ಡ್ಯಾಮಿನ ಹಿನ್ನೀರಿಗೆ ಹೋಗುತ್ತಾರೆ.

ಹಿನ್ನೀರಿನ ದಡದಲ್ಲಿ ಪಾಳಿ ಇದೆ. ಬೇಸಿಗೆಯ ಮೊದಲಲ್ಲಿ ಒಂದು ದಿನ ಗೊತ್ತು ಮಾಡಿ ಹಿರಿಯ ಕಾಳಪ್ಪ ಗಂಗಮ್ಮನ ಪೂಜೆ ಮಾಡಿ ಕಾಯಿ ಒಡೆಯುತ್ತಾನೆ. ಆ ಹೊತ್ತಿಗೆ ನೀರಿನಲ್ಲಿ ತೇಲುತ್ತಿರುವ ದೋಣಿಗಳಿಗೆ ಬಂದ ಕ್ರಮದಲ್ಲಿ ಪಾಳಿ. ಕಾಯಿ ಒಡೆದ ಮೇಲೆ ಬಂದ ದೋಣಿಗೆ ಕೊನೆಯ ಜಾಗ. ಅದು ಇಡೀ ಬೇಸಿಗೆಗೆ ಹಾಗೇ ಉಳಿಯುತ್ತದೆ. ಮುಂದಿನ ದೋಣಿಗಳೆಲ್ಲ ಒಂದೊಂದು ಸುತ್ತು ಹೋಗಿ ಬರುವವರೆಗೆ ಕೊನೆಯದು ದಡಕ್ಕೆ ಕಟ್ಟಿಕೊಂಡೇ ಇರಬೇಕು.

ದೋಣಿ ಕೊಂಡಾಗಿನಿಂದ ಅತ್ತೆಗೆ ಸಿಕ್ಕಿದ್ದು ಕೊನೆಯ ಪಾಳಿಯೇ. ಮೆಟ್ರಿ ಊರಿನ ಒಬ್ಬರ ಟ್ರ್ಯಾಕ್ಟರ್ ಬಾಡಿಗೆಗೆ ಕರೆಯುತ್ತಿದ್ದಳು. ಅವರು ತಮ್ಮ ಹೊಲದ ಕೆಲಸ ಮುಗಿಸಿಕೊಂಡೇ ಬರುತ್ತಿದ್ದರು. ಅಷ್ಟರಲ್ಲಿ ಕಾಯಿ ಒಡೆದಿರುತ್ತಿತ್ತು. ಒಂದು ವರ್ಷ ಕಾಳಪ್ಪ, "ದುರುಗವ್ವ, ನಿನ್ನ ದೋಣಿ ಪ್ರಸಾದಕ್ಕ ಬರತೈತಿ, ಪೂಜಿಗಲ್ಲ" ಎಂದು ಎಲ್ಲರೆದುರು ನಗೆಯಾಡಿದ. ಅತ್ತೆಯೂ ನಕ್ಕಳು. ಆದರೆ ಊರಿಗೆ ಬರುವಾಗ ಬಸ್ಸಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, ಬರುವ ಬೇಸಿಗೆಗೆ ನಮ್ಮದೇ ಗಾಡಿ ಇರುತ್ತದೆ, ಕಾಯಿ ಒಡೆಯುವ ಮೊದಲೇ ನಮ್ಮ ದೋಣಿ ನೀರಿನಲ್ಲಿರುತ್ತದೆ ಎಂದಳು.

ಗಾಡಿ ಹುಡುಕುವ ಕೆಲಸ ಅಪ್ಪನದಾಯಿತು. ಅಪ್ಪ ಸಂಡೂರಿನ ಗಣಿಗಳಲ್ಲಿ ಬಹಳ ಕಾಲ ಡ್ರೈವರ್ ಆಗಿದ್ದವನು, ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವವನು. ಅತ್ತೆ ಬೇಡಿದ್ದು ಎರಡನ್ನೇ. ಹಸಿ ಉಸುಕಿನಿಂದ ದೋಣಿಯನ್ನು ಎಳೆಯಬೇಕು. ಮನೆಯವರೆಲ್ಲ ಕೂರುವಂತಿರಬೇಕು, ಯಾಕೆಂದರೆ ಪಾಲಪ್ಪ ಮಾವನ ಮೊಣಕಾಲು ಹಾಳಾಗಿ, ಆಗಾಗ ಹೊಸಪೇಟೆಯ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು.

ಹೊಸಪೇಟೆಯ ಬೈಪಾಸಿನ ಹತ್ತಿರ ಹಳೆ ಗಾಡಿ ಮಾರುವವರಲ್ಲಿಗೆ ಮೊದಲು ಹೋದೆವು. ಒಂದು ಸಣ್ಣ ಕಾರನ್ನು ತೋರಿಸಿದರು. ಅತ್ತೆ ಅದರ ಸುತ್ತ ಒಂದು ಸುತ್ತು ಬಂದು, ಹಿಂದಿನ ಬಂಪರಿನ ಮೇಲೆ ಕಾಲಿಟ್ಟು ಒತ್ತಿದಳು. ಹರಿಗೋಲಿನ ಅಂಚನ್ನು ತುಳಿದು ಅದು ಎಷ್ಟು ಭಾರ ತಾಳುತ್ತದೆಂದು ನೋಡುವುದು ಹೀಗೆಯೇ. ಕಾರು ಕುಸಿದು ಮತ್ತೆ ಎದ್ದಿತು. ಅಂಗಡಿಯವನು ನಗುತ್ತಾ, "ಅವ್ವಾರ, ಇದಕ್ಕ ದೋಣಿ ಕಟ್ಟಿದ್ರ ದೋಣಿನ ಇದನ್ನ ಎಳಕೊಂಡು ಹೋಗತೈತ್ರಿ" ಅಂದ. ಅತ್ತೆಗೆ ಆ ಮನುಷ್ಯ ಹಿಡಿಸಿದ. ಸುಳ್ಳು ಹೇಳಿ ಮಾರಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಹೊಗಳಿದಳು.

ಆಮೇಲೆ ಗಾದಿಗನೂರಿನ ಮಹಾಂತೇಶ ಎಂಬ ರೈತರ ಮನೆಯಲ್ಲಿ ಒಂದು ಜೀಪು ಇದೆಯೆಂದು ಗೊತ್ತಾಯಿತು. ಹಳೆಯದು, ಬಣ್ಣ ಹೋದದ್ದು, ಆದರೆ ನಾಲ್ಕೂ ಗಾಲಿಗೆ ಎಂಜಿನ್ ಬಲ ಕೊಡುವಂಥದು. ಅದು ಕಾಲುವೆಯ ಕೆಸರಿನಿಂದ ಕಬ್ಬಿನ ಟ್ರಾಲಿಯನ್ನು ಎಳೆದಿದೆ ಎಂದು ಮಹಾಂತೇಶ ಹೇಳಿದರು. ಅತ್ತೆ ಅದರ ಹಿಂಭಾಗವನ್ನು ತುಳಿದಳು. ಅದು ಅಲುಗಲಿಲ್ಲ. ಎರಡೂ ಕಾಲಿಟ್ಟು ಹತ್ತಿ ನಿಂತಳು. ಆಗಲೂ ಅಲುಗಲಿಲ್ಲ. ಆಮೇಲೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಒಳಗೆ ಹತ್ತಿ ಕೂತಳು. ದೋಣಿಯಾಗಲಿ ಗಾಡಿಯಾಗಲಿ, ಅವಳು ಚಪ್ಪಲಿ ಹಾಕಿಕೊಂಡು ಹತ್ತುವುದಿಲ್ಲ.

"ಸಾಕು, ಇದು ನಮ್ಮ ಗಾಡಿ" ಅಂದಳು.

ಅಪ್ಪ ಜೀಪಿನ ಕೆಳಗೆ ಬಗ್ಗಿ ನೋಡಿ ಎದ್ದ. ಊರಿಗೆ ಬಂದ ಮೇಲೆ, ಮಾವ ಕೇಳುವಂತೆ ಅಂಗಳದಲ್ಲಿ ಕೂತು ಮಾತು ತೆಗೆದ. ಜೀಪಿನ ಮೆಟ್ಟಿಲು ಎತ್ತರ, ಸೀಟು ಬರೀ ಹಲಗೆ, ಬಿಡಿಭಾಗಗಳು ಸಿಗುವುದಿಲ್ಲ ಎಂದ. ಅವೆಲ್ಲ ಸುಳ್ಳಲ್ಲ. ಅತ್ತೆ ಒಂದಕ್ಕೂ ಜಗ್ಗಲಿಲ್ಲ. ಕೊನೆಗೆ ಅಪ್ಪ, "ಮಾವ ನಿನಗ ಬಾಯಿಬಿಟ್ಟು ಹೇಳಂಗಿಲ್ಲಕ್ಕ. ಆ ಮೊಣಕಾಲು ಇಟ್ಕೊಂಡು ಅದರಾಗ ಹತ್ತಿ ಇಳದು ಮಾಡಂದ್ರ ಹೆಂಗ ಮಾಡ್ತಾನ? ದೋಣಿಗೆ ಮಾತ್ರ ಗಾಡಿ ತರ್ತಿಯೋ, ಮನಿಗೂ ತರ್ತಿಯೋ?" ಅಂದ. ಅತ್ತೆ ಮಾವನ ಕಡೆ ನೋಡಿದಳು. ಮಾವ ಕಾಲು ನೀವಿಕೊಳ್ಳುತ್ತಾ ಕೂತಿದ್ದ. ಜೀಪಿನ ಮಾತು ಅಲ್ಲಿಗೆ ಮುಗಿಯಿತು.

ಸಂಡೂರಿನಿಂದ ಬಿಳಿಯ ಗಾಡಿಯೊಂದನ್ನು ಅಪ್ಪನೇ ಕಂಪ್ಲಿಗೆ ತರಿಸಿದ. ಮೂರು ಸಾಲು ಮೆತ್ತನೆಯ ಸೀಟು, ಒಳಗೆ ತಣ್ಣನೆ ಗಾಳಿ. ಪಾಲಪ್ಪ ಮಾವ ನಡುವಿನ ಸೀಟಿನಲ್ಲಿ ಕೂತವನು, ಇಳಿಯಲು ಮನಸ್ಸಿಲ್ಲದೆ ಅಲ್ಲೇ ಚಹ ತರಿಸಿಕೊಂಡು ಕುಡಿದ. ಅಪ್ಪ ಗಾಡಿಯ ಹಿಂಭಾಗಕ್ಕೆ ಕೊಂಡಿ ಹಾಕಿಸಿದ್ದ. ಅದಕ್ಕೆ ದೋಣಿಯ ಟ್ರಾಲಿ ಸಿಕ್ಕಿಸಿ, ಕೋಟೆ ಬಾಗಿಲಿನ ಏರಿನಲ್ಲಿ ಸರ್ರನೆ ಎಳೆದು ತೋರಿಸಿದ. ನೋಡಲು ನೆರೆದವರೆಲ್ಲ ಭೇಷ್ ಅಂದರು. ಅತ್ತೆ, ಏರು ಸರಿ, ಈಗ ದೋಣಿಯನ್ನು ನೀರಿಗೆ ಇಳಿಸಿ ಅಲ್ಲಿಂದ ಎಳೆದು ತೋರಿಸು ಎಂದಳು.

ಅಪ್ಪ ಗಾಡಿಯಿಂದ ಇಳಿದು ಗಾಲಿಯ ಕಡೆ ನೋಡಿದ. ಆಮೇಲೆ, "ಪೂಜಿ ಆಗದ ಗಾಡಿ ಅಕ್ಕ. ಕಾಯಿ ಒಡಿಸದ ಅದರ ಗಾಲಿ ಗಂಗಮ್ಮನ್ಯಾಗ ಇಳಸ್ತಿಯೇನು?" ಅಂದ.

ಅತ್ತೆ ತಟ್ಟನೆ ಕೆನ್ನೆ ಮುಟ್ಟಿಕೊಂಡಳು. ಹೊಸ ಹರಿಗೋಲನ್ನು ಪೂಜೆ ಇಲ್ಲದೆ ಅವಳು ಎಂದೂ ನೀರಿಗೆ ಬಿಟ್ಟವಳಲ್ಲ. ಆ ಯೋಚನೆ ತನಗೆ ಬಾರದೆ ತಮ್ಮನಿಗೆ ಬಂತಲ್ಲ ಎಂದು ಅವಳಿಗೆ ಹೆಮ್ಮೆಯೂ ಆಯಿತು. ಗಾಡಿ ಕೊಂಡೆವು. ಪೂಜೆಯೂ ಆಯಿತು. ನೀರಿನಿಂದ ಎಳೆದು ನೋಡುವ ಮಾತು ಆಮೇಲೆ ಯಾರಿಗೂ ನೆನಪಾಗಲಿಲ್ಲ.

ಗಾಡಿಯ ಚಾವಿಯನ್ನು ಅತ್ತೆ ತನ್ನ ಬಳಿ ಇಟ್ಟುಕೊಂಡಳು. ಗೋಡೆಯಲ್ಲಿ ಹುಟ್ಟು ನಿಲ್ಲಿಸುವ ಮೂಲೆಯಲ್ಲೇ ಒಂದು ಮೊಳೆ ಹೊಡೆಸಿ ಅದಕ್ಕೆ ತೂಗುಹಾಕಿದಳು. ಅಪ್ಪ ಗಾಡಿ ಹೊಡೆಯಬೇಕಾದಾಗ ಕೇಳಿ ಪಡೆದು, ತಂದು ಅವಳ ಕೈಗೇ ಕೊಡುತ್ತಿದ್ದ. ಆ ವರ್ಷ ಹಂಪಿಗೆ ದೋಣಿ ಒಯ್ಯುವಾಗ ನಾವೆಲ್ಲ ಗಾಡಿಯಲ್ಲಿ ಹೋದೆವು. ಅತ್ತೆ ಮುಂದಿನ ಸೀಟಿನಲ್ಲಿ ಚಪ್ಪಲಿ ಮಡಿಲಲ್ಲಿಟ್ಟುಕೊಂಡು ಕೂತು, ದಾರಿಯಲ್ಲಿ ಗುರುತಿನವರು ಕಂಡಾಗಲೆಲ್ಲ ಕಿಟಕಿಯಿಂದ ಕೈ ಹೊರಹಾಕಿ ಕರೆದಳು. ದಡದ ಉಸುಕಿನಲ್ಲಿ ಗಾಡಿಯ ಗಾಲಿ ಇದ್ದಲ್ಲೇ ತಿರುಗಿ ಕ್ಲಚ್ಚು ಸುಟ್ಟ ವಾಸನೆ ಬಂತು. ದೋಣಿ ಹಾಕುವ ಹುಲಿಗೇಶ್ ಮತ್ತೆ ನಾಲ್ಕಾರು ಜನ ನೂಕಿ ಮೇಲೆ ತಂದರು. ಟೈರು ಸವೆದಿದೆ, ಬೇಸಿಗೆಯೊಳಗೆ ಬದಲಾಯಿಸುತ್ತೇನೆ ಎಂದು ಅಪ್ಪ ಹೇಳಿದ.

ಹಂಪಿಯ ಕೆಲಸ ಇರುವಷ್ಟು ಕಾಲ ಅತ್ತೆ ಆನೆಗೊಂದಿಯ ಬೀಗರ ಮನೆಯಲ್ಲಿ ಉಳಿಯುತ್ತಾಳೆ. ಶಾಲೆ ಬಿಟ್ಟಾಗಿನಿಂದ ನಾನೂ ಅವಳ ಜೊತೆಗೇ ಇದ್ದೆ. ಅಪ್ಪ ಗಾಡಿಯನ್ನು ಕಂಪ್ಲಿಯ ಅಂಗಳದಲ್ಲಿ ನಿಲ್ಲಿಸಿ, ಬಸ್ಸಿನಲ್ಲಿ ಬಂದು ಚಾವಿಯನ್ನು ಅತ್ತೆಗೆ ಒಪ್ಪಿಸಿ ಹೋದ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಚಳಿಗಾಲವೆಲ್ಲ ಆ ಗಂಟು ಅವಳ ಸೊಂಟದಲ್ಲಿತ್ತು. ಗಾಡಿ ಮನೆಯಲ್ಲಿ ತಣ್ಣಗೆ ನಿಂತಿದೆ ಎಂದು ಅವಳು ನಿಶ್ಚಿಂತಳಾಗಿದ್ದಳು.

ಹೊಳೆ ಇಳಿಯಿತು. ಪೂಜೆಯ ದಿನ ಗೊತ್ತಾಯಿತೆಂದು ಕಾಳಪ್ಪ ಹೇಳಿ ಕಳಿಸಿದ. ಗಾಡಿ ತರಲೆಂದು ನಾವಿಬ್ಬರೂ ಎರಡು ದಿನ ಮುಂಚೆಯೇ ಕಂಪ್ಲಿಗೆ ಬಂದೆವು.

ಅಂಗಳ ಖಾಲಿ ಇತ್ತು. ಗಾಡಿ ನಿಲ್ಲುವ ಜಾಗದಲ್ಲಿ ಯಾರೋ ಮೆಣಸಿನಕಾಯಿ ಒಣಗಲು ಹಾಕಿದ್ದರು. ಪಾಲಪ್ಪ ಮಾವ ಕಟ್ಟೆಯ ಮೇಲೆ ಕೂತಿದ್ದ. ಗಾಡಿ ಎಲ್ಲಿ ಎಂದು ಅತ್ತೆ ಕೇಳಿದ್ದಕ್ಕೆ, ಸಂಡೂರಿನಲ್ಲಿ ಎಂದ, ಊಟ ಆಯಿತೇ ಎಂದು ಕೇಳಿದಷ್ಟು ಸಹಜವಾಗಿ. ಅತ್ತೆಗೆ ಮೊದಲು ತಿಳಿಯಲೇ ಇಲ್ಲ. ಸೆರಗಿನ ಗಂಟು ಬಿಚ್ಚಿ ಚಾವಿ ತೆಗೆದು ಅವನ ಮುಂದೆ ಹಿಡಿದಳು.

"ಚಾವಿ ನನ್ನ ಕೈಯಾಗ ಐತಿ. ಗಾಡಿ ಹೆಂಗ ಹೋಗತೈತಿ?"

"ನೀನ ಕೊಟ್ಟಿಯಲ್ಲ" ಅಂದ ಮಾವ. "ಅಕ್ಕನ್ನ ಕೇಳೀನಿ ಅಂದ. ನೀವು ಹಂಪಿಗೆ ಹೋದ ವಾರದಾಗ ಒಯ್ದ. ವಾರಕ್ಕೊಮ್ಮಿ ಬಂದು ನನ್ನ ದವಾಖಾನಿಗೆ ಕರಕೊಂಡು ಹೋಗ್ತಾನ, ಮತ್ತ ಹೋಗ್ತಾನ."

ಅತ್ತೆ ಚಾವಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು, ಅದು ಬೇರೆ ಯಾವುದೋ ಚಾವಿಯಿರಬಹುದು ಎನ್ನುವ ಹಾಗೆ. ಅಪ್ಪನಿಗೆ ನಾನು ಫೋನು ಮಾಡಿದೆ. ಎತ್ತಲಿಲ್ಲ. ಅವನು ಸಂಡೂರಿನಲ್ಲಿ ಕೆಲಸಕ್ಕೆ ಸೇರಿದ್ದಾನೆಂದು ನನಗೂ ಹೇಳಿರಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ನಾವು ಹೊಸಪೇಟೆಗೆ ಹೋಗಿ, ಅಲ್ಲಿಂದ ಸಂಡೂರಿಗೆ ಹೋದೆವು.

ಹುಡುಕುವುದು ಕಷ್ಟವಾಗಲಿಲ್ಲ. ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ, ಚಹದಂಗಡಿಯ ಮುಂದಿನ ಬೇವಿನ ಮರದ ಕೆಳಗೆ ಗಾಡಿ ನಿಂತಿತ್ತು. ಬಿಳಿಯ ಬಣ್ಣದ ಮೇಲೆ ಅದಿರಿನ ಕೆಂಪು ಧೂಳು ಕೂತಿತ್ತು. ಮುಂದಿನ ಗಾಜಿಗೆ ಗಣಿ ಕೆಲಸದ ಗುತ್ತಿಗೆದಾರನೊಬ್ಬನ ಹೆಸರಿನ ಚೀಟಿ ಅಂಟಿಸಿದ್ದರು. ಅತ್ತೆ ಹಿಂದಕ್ಕೆ ಹೋದಳು. ಕೊಂಡಿ ಇರಲಿಲ್ಲ. ಗ್ಯಾಸಿನಲ್ಲಿ ಕತ್ತರಿಸಿದ ಕಬ್ಬಿಣದ ಮೊಂಡು ಮಾತ್ರ ಉಳಿದಿತ್ತು. ಅದಕ್ಕೆ ಕಪ್ಪು ಬಣ್ಣ ಬಳಿದಿದ್ದರು. ಅವಳು ಅದರ ಮೇಲೆ ಹೆಬ್ಬೆರಳು ಆಡಿಸಿ ನೋಡಿದಳು.

ಅಪ್ಪ ಚಹದ ಲೋಟ ಹಿಡಿದು ಅಂಗಡಿಯಿಂದ ಹೊರಗೆ ಬಂದ. ನಮ್ಮನ್ನು ಕಂಡು ನಿಂತುಬಿಟ್ಟ.

"ಅಕ್ಕ, ಚಾ ಕುಡಿತಿ?" ಅಂದ.

ಅತ್ತೆ ಚಾವಿ ತೋರಿಸಿದಳು.

"ಗಾಡಿಗೆ ಎರಡು ಚಾವಿ ಇರ್ತಾವಕ್ಕ. ಎಲ್ಲಾ ಗಾಡಿಗೂ ಇರ್ತಾವ."

"ನನಗ್ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲ."

ಆಮೇಲೆ ಅಪ್ಪ ಒಂದೇ ಸಮನೆ ಮಾತಾಡಿದ. ಗುತ್ತಿಗೆದಾರ ಗಣಿಯ ಸ್ಟಾಫ್ ಓಡಾಡಲು ಏಳು ಜನ ಕೂರುವ ಗಾಡಿ ಕೇಳಿದ್ದನಂತೆ, ಹಿಂದೆ ಏನೂ ಚಾಚಿಕೊಂಡಿರಬಾರದು ಅಂದನಂತೆ. ಆ ಮಾತು ನಾವು ಗಾಡಿ ಹುಡುಕುವ ಮೊದಲೇ ಆಗಿತ್ತು ಎನ್ನುವುದೂ ಅವನ ಬಾಯಿಂದಲೇ ಬಂತು. ದೋಣಿಯನ್ನು ಎಳೆಯುವುದು ವರ್ಷಕ್ಕೆ ಎರಡು ಸಲ. ಉಳಿದ ದಿನ ಗಾಡಿ ಅಂಗಳದಲ್ಲಿ ನಿಲ್ಲಬೇಕೇ, ಅದರ ಜೊತೆ ತಾನೂ ನಿಲ್ಲಬೇಕೇ ಎಂದು ಕೇಳಿದ. ನಾನು ಅಪ್ಪನ ಮಾತನ್ನು ಕಡಿಮೆ ಮಾಡಿ ಬರೆಯಬಾರದು. ಆ ಪ್ರಶ್ನೆಯಲ್ಲಿ ನ್ಯಾಯ ಇತ್ತು. ಅತ್ತೆಗೂ ಹಾಗೇ ಅನ್ನಿಸಿರಬೇಕು.

"ನೀ ಇದನ್ನ ಬಾಯಿಬಿಟ್ಟು ಹೇಳಿದ್ರ ನಾ ಬ್ಯಾಡ ಅಂತಿದ್ದೆನೇನು?" ಅಂದಳು.

ಅಪ್ಪ ಲೋಟದೊಳಗೆ ನೋಡಿದ.

"ಕ್ವಾಟಿ ಏರಿನ್ಯಾಗ ಎಳದು ತೋರಿಸಿದಿ. ಹಸಿ ಉಸುಕಿನ್ಯಾಗ ಇದು ಎಳ್ಯಂಗಿಲ್ಲ ಅಂತ ಅವತ್ತ ನಿನಗ ಗೊತ್ತಿತ್ತೇನು?"

ಅಪ್ಪ ಮೊದಲು ನನ್ನ ಕಡೆ ನೋಡಿದ, ಆಮೇಲೆ ಗಾಡಿಯ ಕಡೆ. "ಗೊತ್ತಿತ್ತು" ಅಂದ.

"ದೇವರ ಹೆಸರು ಯಾಕ ತಗೊಂಡಿ, ಗಾದಿ? ಸುಮ್ನ ಎಳದು ತೋರಸಂಗಿಲ್ಲ ಅಂದಿದ್ರೂ ನಿನ್ನ ಮಾತ ಕೇಳ್ತಿದ್ದೆ."

ಇಷ್ಟು ವರ್ಷದಲ್ಲಿ ಅವಳು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಚಹದಂಗಡಿಯಲ್ಲಿ ಕೂತವರಿಗೆ ಅದು ಕೇಳಿಸಿರಲಾರದು. ಎರಡು ದಿನ ಕೊಟ್ಟರೆ ಕೊಂಡಿ ಮತ್ತೆ ಹಾಕಿಸಿ ಗಾಡಿ ತರುತ್ತೇನೆ ಎಂದು ಅಪ್ಪ ಹೇಳಿದ. ನಾಳೆ ಬೆಳಗ್ಗೆ ಕಾಯಿ ಒಡೆಯುತ್ತಾರೆ ಎಂದು ಅತ್ತೆ ಹೇಳಿದಳು. ಆಮೇಲೆ ತನ್ನ ಕೈಯಲ್ಲಿದ್ದ ಚಾವಿಯನ್ನು ಬಾನೆಟ್ಟಿನ ಧೂಳಿನ ಮೇಲಿಟ್ಟಳು. ಎರಡೂ ನಿನ್ನ ಹತ್ತಿರವೇ ಇರಲಿ ಎಂದು ಹೇಳಿ, ಬಸ್ ನಿಲ್ದಾಣದ ಕಡೆ ನಡೆದಳು.

ಅವತ್ತು ಮಧ್ಯಾಹ್ನವೇ ಮೆಟ್ರಿಗೆ ಹೋಗಿ ಟ್ರ್ಯಾಕ್ಟರಿನವರನ್ನು ಕಂಡೆವು. ಅವರದು ಭತ್ತ ಸಾಗಿಸುವ ಹೊತ್ತು. ಬೆಳಗ್ಗೆ ಒಂದು ಲೋಡು ಇಳಿಸಿ ಬರುತ್ತೇವೆ ಎಂದರು. ಅತ್ತೆ ಅವರ ಅಂಗಳದಲ್ಲೇ ಕೂತು, ಆ ಲೋಡನ್ನು ಒಂದು ದಿನ ಮುಂದಕ್ಕೆ ಹಾಕಿರಿ ಎಂದು ಬಹಳ ಹೊತ್ತು ಕೇಳಿಕೊಂಡಳು. ಅವರೂ ಇನ್ನೊಬ್ಬರಿಗೆ ಮಾತು ಕೊಟ್ಟಿದ್ದರು. ಹಂಪಿ ದಡಕ್ಕೆ ಟ್ರ್ಯಾಕ್ಟರ್ ಬಂದಾಗ ಬಿಸಿಲು ಏರಿತ್ತು. ಹಸಿ ಉಸುಕಿನಿಂದ ಅದು ದೋಣಿಯನ್ನು ಒಂದೇ ಎಳೆತಕ್ಕೆ ಎಳೆಯಿತು. ಅತ್ತೆ ದೋಣಿಯ ಪಕ್ಕದಲ್ಲಿ ನಡೆಯುತ್ತಾ ಅದನ್ನು ನೋಡಿದಳು.

ಹಿನ್ನೀರಿನ ದಡ ಮುಟ್ಟಿದಾಗ ಕಾಯಿ ಒಡೆದಾಗಿತ್ತು. ದೋಣಿಗಳು ಸಾಲಾಗಿ ನೀರಿನಲ್ಲಿ ನಿಂತಿದ್ದವು. ಎಲ್ಲದರ ಮೂತಿಗೂ ಕುಂಕುಮ ಹಚ್ಚಿ ಹೂವು ಕಟ್ಟಿದ್ದರು. ಈ ಸಲ ಕಾಳಪ್ಪ ನಗೆಯಾಡಲಿಲ್ಲ. ಗಾಡಿ ಕೊಂಡದ್ದು ಅವನಿಗೂ ಗೊತ್ತಿತ್ತು. ಕೆಟ್ಟು ನಿಂತಿತೇ ಎಂದು ಕೇಳಿದ. ಅತ್ತೆ ಹೌದು ಎಂದುಬಿಡುತ್ತಾಳೆ ಎಂದು ನಾನು ತಿಳಿದಿದ್ದೆ.

"ಕೆಟ್ಟಿಲ್ಲ. ನನ್ನ ತಮ್ಮ ಒಯ್ದಾನ. ನನ್ನ ಕೇಳದಂಗ ಒಯ್ದಾನ" ಅಂದಳು, ತನ್ನ ಎಂದಿನ ದನಿಯಲ್ಲಿ.

ಕಾಳಪ್ಪ ಪ್ರಸಾದದ ಚೂರು ಕೊಟ್ಟು, ಸಾಲಿನ ಕೊನೆಯ ಗೂಟವನ್ನು ತೋರಿಸಿದ. ಹಿರಿಯರನ್ನು ಕೂರಿಸಿ ಗಾಡಿ ಬಿಡಿಸಿಕೊಂಡು ಬಾ ಎಂದು ಆಮೇಲೆ ಒಬ್ಬಿಬ್ಬರು ಹೇಳಿದರು. ಕಸಿದುಕೊಂಡು ಬಂದರೆ ಅದು ದೋಣಿ ಎಳೆಯುತ್ತದೆಯೇ ಎಂದು ಅತ್ತೆ ಕೇಳಿದಳು.

ಆ ಬೇಸಿಗೆಯೆಲ್ಲ ನಾವು ಕೊನೆಯ ಗೂಟದಲ್ಲಿದ್ದೆವು. ನಮ್ಮ ಮುಂದಿನ ಪಾಳಿ ಹುಲಿಗೇಶನದು. ಅವನು ಹೋದ ಮೇಲೆ ನಾವು. ಕೆಲವು ದಿನ ನಮ್ಮ ಪಾಳಿ ಬರುವ ಮೊದಲೇ ಜನ ಮುಗಿದುಹೋಗುತ್ತಿದ್ದರು.

ಒಂದು ಭಾನುವಾರ ಸಂಜೆ ಅಪ್ಪ ಬಂದ. ಗಾಡಿಯನ್ನು ರಸ್ತೆಯ ಮೇಲೆ ನಿಲ್ಲಿಸಿ, ಗಣಿಯ ಅಧಿಕಾರಿಯೊಬ್ಬರ ಮನೆಯವರನ್ನು ದಡಕ್ಕೆ ಇಳಿಸಿಕೊಂಡು ಬಂದ. ಅತ್ತೆಯ ಎದುರು ನಿಂತು, "ಅಕ್ಕ, ನಿನ್ನ ದೋಣಿಗಂತನ ಕರಕೊಂಡು ಬಂದೀನಿ" ಅಂದ. ಹೊಸ ಅಂಗಿ ಹಾಕಿಕೊಂಡಿದ್ದ.

"ಪಾಳಿ ಹುಲಿಗೇಶಂದು" ಅಂದಳು ಅತ್ತೆ.

ಹುಲಿಗೇಶ್ ಒಳ್ಳೆಯ ಮನುಷ್ಯ. ಅವನು ತನ್ನ ದೋಣಿಯ ಹಗ್ಗ ಬಿಚ್ಚುವುದನ್ನು ನಿಲ್ಲಿಸಿ, "ನೀನ ಒಯ್ಯಕ್ಕ, ನಿನ್ನ ಸಲುವಾಗಿ ಕರಕೊಂಡು ಬಂದಾನ" ಅಂದ.

"ಯಾರು ಕರಕೊಂಡು ಬಂದ್ರೂ ಪಾಳಿ ಪಾಳಿನ. ಹತ್ತಿಸ್ಕೊ."

ಅವರನ್ನೆಲ್ಲ ಹುಲಿಗೇಶ್ ಹತ್ತಿಸಿಕೊಂಡು ಹೋದ. ಅಪ್ಪ ಹೋಗಲಿಲ್ಲ. ನಮ್ಮ ದೋಣಿಯ ಹತ್ತಿರ ಒಂದು ಕಲ್ಲಿನ ಮೇಲೆ ಕೂತ. ಅತ್ತೆ ದೋಣಿಯೊಳಗಿನ ನೀರನ್ನು ಡಬ್ಬಿಯಿಂದ ಮೊಗೆದು ಹೊರಗೆ ಚೆಲ್ಲುತ್ತಿದ್ದಳು. ಮಾವನ ಮೊಣಕಾಲು ಹೇಗಿದೆ ಎಂದು ಅಪ್ಪ ಕೇಳಿದ. ಬಸ್ಸಿನಲ್ಲಿ ಹೋಗಿ ತೋರಿಸಿಕೊಂಡು ಬಂದೆವು ಎಂದು ನಾನು ಹೇಳಿದೆ.

ಸ್ವಲ್ಪ ಹೊತ್ತಿಗೆ ಆಚೆ ದಡದ ಊರಿಗೆ ಹೋಗುವ ಕೂಲಿ ಹೆಂಗಸರು ಬುತ್ತಿ ಗಂಟು ಹಿಡಿದು ಬಂದರು. ಪಾಳಿ ನಮ್ಮದಿತ್ತು. ಅವರು ಒಬ್ಬೊಬ್ಬರಾಗಿ ಹತ್ತಿ ಕೂತರು. ನಾನು ಹಗ್ಗ ಬಿಚ್ಚಿ ಹತ್ತಿದೆ. ಅಪ್ಪ ಎದ್ದು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಮೊಣಕಾಲಿನವರೆಗೆ ನೀರಿಗೆ ಇಳಿದು ಬಂದ.

"ನಾನೂ ಬರ್ತೀನಕ್ಕ. ಒಂದಿಷ್ಟು ಮಾತಾಡೋದೈತಿ."

ಅತ್ತೆ ದೋಣಿಯನ್ನು ಒಂದು ಸಲ ನೋಡಿದಳು, ಆಮೇಲೆ ಅವನನ್ನು.

"ದೋಣಿ ತುಂಬೇತಿ" ಅಂದಳು.

ನನ್ನ ಪಕ್ಕದ ಹಲಗೆಯ ಮೇಲೆ ಇನ್ನಿಬ್ಬರು ಕೂರುವಷ್ಟು ಜಾಗ ಇತ್ತು. ಹೆಂಗಸರು ಆ ಜಾಗವನ್ನು ನೋಡಿ, ಆಮೇಲೆ ನೀರಿನ ಕಡೆ ಮುಖ ತಿರುಗಿಸಿಕೊಂಡರು. ಅತ್ತೆ ಎಂಜಿನ್ನಿನ ಹಗ್ಗ ಜಗ್ಗಿದಳು.